ಹಳೇ ಎಂಜಿಬಿಗೆ ಹೊಸ ಪೇಂಟ್ ಹೊಡೆಸಲಾ? ಮೊದಲು ಸಿಲ್ ನೋಡಿ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಪಕ್ಕದ ಮನೆಯವರಿಂದ 1967ರ ಎಂಜಿಬಿ ರೋಡ್‌ಸ್ಟರ್, ಅಂದರೆ ತೆರೆದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ತಗೊಂಡಿದ್ದೀರಿ. ಫ್ಯಾಕ್ಟರಿ ಪೇಂಟ್ ಮಾಸಿದೆ, ಸೀಟಿನ ಚರ್ಮ ಬಿರುಕು ಬಿಟ್ಟಿದೆ. ಪೂರ್ತಿ ರೆಸ್ಟೋರ್ ಮಾಡಿಸಿದರೆ ಬೆಲೆ ಏರುತ್ತದಾ, ಇಲ್ಲ ಇದ್ದ ಹಾಗೇ ಬಿಡೋದಾ ಅಂತ ಕೇಳಿದ್ದೀರಿ. ಊರು ಬದಲಾಯಿಸಿದರೆ ಇದು ನನ್ನದೇ ಪ್ರಶ್ನೆ. ನನ್ನದು 1966ರ ಕಾರು, ಪೇಲ್ ಪ್ರಿಮ್‌ರೋಸ್ ಅನ್ನುವ ತೀರಾ ತಿಳಿ ಹಳದಿ ಬಣ್ಣ.

ಕೆಲಸದ ಮೇಲೆ ವಾರಿಕ್‌ಶೈರ್‌ಗೆ ಬಂದವನು ನಾನು. ಒಬ್ಬ ಶಾಲಾ ಮೇಷ್ಟ್ರು ಹೊಸದಾಗಿ ಕೊಂಡು ಕೊನೆವರೆಗೂ ಇಟ್ಟುಕೊಂಡಿದ್ದ ಕಾರು ಅದು. ಹಳೇ ಬಿಲ್ಲುಗಳೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು. ಉಜ್ಜಿ ಉಜ್ಜಿ ಬಾನೆಟ್‌ನ ಅಂಚಿನಲ್ಲಿ ಪ್ರೈಮರ್ ಕಾಣುತ್ತಿತ್ತು. ಆದರೆ ಕಾರು ಚೆನ್ನಾಗಿ ಓಡುತ್ತಿತ್ತು, ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳೂ ಒಂದೇ ಲಯದಲ್ಲಿದ್ದವು.

ಇಲ್ಲಿ 40 ವರ್ಷ ದಾಟಿದ ಕಾರಿಗೆ, ದೊಡ್ಡ ಮಾರ್ಪಾಡು ಆಗಿಲ್ಲದಿದ್ದರೆ, ಎಂಓಟಿ, ಅಂದರೆ ವರ್ಷಕ್ಕೊಮ್ಮೆಯ ವಾಹನ ತಪಾಸಣೆ, ಕಡ್ಡಾಯವಲ್ಲ. ಆದರೂ ಮಾಡಿಸಿದೆ, ನೀವೂ ಮಾಡಿಸಿ. ಟೆಸ್ಟರ್ ಎಡಗಡೆ ಸಿಲ್‌ಗೆ ಸ್ಕ್ರೂಡ್ರೈವರ್ ಒತ್ತಿದ, ಅದು ಒಳಗೆ ಹೋಯಿತು. ಸಿಲ್ ಅಂದರೆ ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ ಭಾಗ. ಎಂಜಿಬಿಗೆ ಭಾರ ಹೊರೋಕೆ ಬೇರೆ ಚಾಸಿ (ಅಡಿ ಚೌಕಟ್ಟು) ಇಲ್ಲ, ರೋಡ್‌ಸ್ಟರ್‌ಗೆ ಮೇಲೆ ತಗಡಿನ ಛಾವಣಿಯೂ ಇಲ್ಲ. ಕಾರು ನಡುವೆ ಕುಸಿಯದ ಹಾಗೆ ಹಿಡಿದಿರೋದು ಮುಖ್ಯವಾಗಿ ಈ ಸಿಲ್‌ಗಳೇ. ಹಾಗಾಗಿ ಆ ಕೆಲಸ ಆಗಲೇಬೇಕಿತ್ತು.

ವರ್ಕ್‌ಶಾಪ್‌ನವರು ಬರೆದುಕೊಟ್ಟ ಎಸ್ಟಿಮೇಟ್‌ನಲ್ಲಿ ಎರಡು ಸಿಲ್, ಆಸುಪಾಸಿನಲ್ಲಿ ಪೇಂಟ್ ಟಚಪ್, ಅಷ್ಟೇ ಇತ್ತು. ಮುಂದಿನ ಮಡ್‌ಗಾರ್ಡ್ ಬಿಚ್ಚಿದ ದಿನ ನೋಡಲು ಹೋದೆ. ಅಲ್ಲಿ ನಿಂತು ಒಂದು ಮಾತು ಹೇಳಿದೆ: "ಹೇಗೂ ಬಿಚ್ಚಿದ್ದೀರಲ್ಲ, ಪೂರ್ತಿ ಮಾಡಿಬಿಡಿ."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ಬಾಯಲ್ಲೂ ಇದೇ ಬರುತ್ತದೆ. "ಪೂರ್ತಿ" ಅಂದರೆ ಎಲ್ಲಿಯವರೆಗೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಎಸ್ಟಿಮೇಟ್ ಅಲ್ಲಿಗೆ ಸತ್ತಿತು. ಆಮೇಲಿಂದ ಗಂಟೆ ಲೆಕ್ಕದ ಬಿಲ್. ಕಾರಿಗೆ ಹೊಸ ಪೇಂಟ್ ಬಿದ್ದ ಮೇಲೆ ಬಂಪರ್‌ನ ಕ್ರೋಮ್ ಮಂಕಾಗಿ ಕಂಡಿತು. ಕ್ರೋಮ್ ಮಾಡಿಸಿದ ಮೇಲೆ ಸೀಟು ಹಳೇದಾಗಿ ಕಂಡಿತು. ಸೀಟು ಹೊಸದಾದ ಮೇಲೆ ಡ್ಯಾಶ್‌ಬೋರ್ಡ್. ಒಂದೊಂದು ನಿರ್ಧಾರವೂ ಆ ಹೊತ್ತಿಗೆ ಸರಿಯಾಗಿಯೇ ಕಾಣುತ್ತಿತ್ತು, ಅದೇ ಇದರ ಕಾಟ. ಎಲ್ಲಿಯೂ ಸಾಕು ಅನ್ನೋಕೆ ಜಾಗವೇ ಇರಲಿಲ್ಲ. ಒಂದು ಚಳಿಗಾಲದ ಕೆಲಸ ಮುಂದಿನ ಚಳಿಗಾಲವನ್ನೂ ದಾಟಿತು. ಖರ್ಚು ಕಾರಿನ ಬೆಲೆಯನ್ನು ಮೀರಿತು. ಏನನ್ನು ಎತ್ತಿಡಬೇಕು ಅಂತ ಪಟ್ಟಿ ಕೊಡದ ಕಾರಣ ಹಳೇ ಸೀಟಿನ ಚರ್ಮ, ಕಾರ್ಪೆಟ್ಟು, ಡೀಲರ್ ಸ್ಟಿಕರ್ ಇದ್ದ ವಿಂಡ್‌ಸ್ಕ್ರೀನ್ ಎಲ್ಲ ಕಸಕ್ಕೆ ಹೋದವು. ಅವರನ್ನು ಬೈಯೋ ಹಾಗೂ ಇಲ್ಲ. ಪೂರ್ತಿ ಅಂದವನು ನಾನೇ ಅಲ್ವಾ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಬಾನೆಟ್ ನೆನೆದರೆ. ನಮ್ಮ ನಿಮ್ಮ ವರ್ಷಗಳ ಎಂಜಿಬಿಯ ಬಾನೆಟ್ ಅಲ್ಯೂಮಿನಿಯಂ. ಅಯಸ್ಕಾಂತ ಅಂಟದಿದ್ದರೆ ತಗಡಿನ ಬದಲು ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಇದೆ ಅಂತ ಗಾಬರಿ ಆಗಬೇಡಿ. ನನ್ನದನ್ನು ಉಳಿದ ಸ್ಟೀಲ್ ಭಾಗಗಳ ಜೊತೆಗೇ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕಳಿಸಿದರು. ಜೋರಾಗಿ ಮರಳು ಹೊಡೆದರೆ ತೆಳು ಅಲ್ಯೂಮಿನಿಯಂ ಹಿಗ್ಗಿ ಅಲೆಅಲೆಯಾಗುತ್ತದೆ. ಅದನ್ನು ಪುಟ್ಟಿ ತುಂಬಿ ಸಮ ಮಾಡಿದರು. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಈಗಲೂ ಗೊತ್ತಾಗುತ್ತದೆ. ಐವತ್ತು ವರ್ಷ ಚಪ್ಪಟೆಯಾಗಿದ್ದ ಬಾನೆಟ್ ಅದು.

ಕನ್ನಡ ಬಳಗದ ಗೆಳೆಯರು ನೋಡಿ "ಶೋರೂಮ್‌ನಿಂದ ಈಗ ಬಂದ ಹಾಗಿದೆ" ಅಂದರು. ಹಳೇದು ಅಂದರೆ ನಮ್ಮವರಿಗೆ ಮೊದಲು ಬಣ್ಣ ಬಳಿಯೋ ಯೋಚನೆ. ಊರಲ್ಲಿ ಕಲ್ಲಿನ ದೇವಸ್ಥಾನಕ್ಕೆ ಇನಾಮಲ್ ಪೇಂಟ್ ಬಳಿದು ಜೀರ್ಣೋದ್ಧಾರ ಅಂತ ಬೋರ್ಡ್ ಹಾಕ್ತಾರಲ್ಲ, ನಾನು ಮಾಡಿಸಿದ್ದೂ ಅದೇ. ಕ್ಲಬ್ ಮೀಟ್‌ಗೆ ಹೋದರೆ ಅದೇ ಥರ ಹೊಳೆಯುವ ಕಾರುಗಳು ಸಾಲಾಗಿ ನಿಂತಿದ್ದವು. ಜನ ಮುತ್ತಿಕೊಂಡಿದ್ದು ಬಣ್ಣ ಮಾಸಿದ ಒಂದು ಹಳೇ ಕಾರಿನ ಸುತ್ತ.

ಎಲ್ಲರೂ ನಿಮಗೆ ಹೇಳುವ ಮಾತೊಂದಿದೆ: "ಎಂಜಿಬಿ ರೆಸ್ಟೋರೇಶನ್ ಸುಲಭ, ಎಲ್ಲ ಪಾರ್ಟ್ಸ್ ಸಿಗುತ್ತದೆ." ನಿಜ. ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು ಇದು. ಹಳೇ ಬ್ರಿಟಿಷ್ ಕಾರುಗಳ ಪಾರ್ಟ್ಸ್ ಮಾಡುವ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಿಂದ ಇದರ ಇಡೀ ಬಾಡಿ ಶೆಲ್ಲನ್ನೇ ಹೊಸದಾಗಿ ಮಾಡುತ್ತಿದ್ದಾರೆ, ಅದೂ ಹಳೇ ಅಚ್ಚುಗಳನ್ನೇ ಬಳಸಿ. ನನ್ನ ಪ್ರಕಾರ ರೆಸ್ಟೋರ್ ಮಾಡಬಾರದು ಅನ್ನೋಕೆ ಇದೇ ಕಾರಣ. ದುಡ್ಡಿದ್ದರೆ ಹೊಚ್ಚ ಹೊಸ ಎಂಜಿಬಿಯನ್ನು ಯಾವಾಗ ಬೇಕಾದರೂ ಕಟ್ಟಬಹುದು. 1967ರಲ್ಲಿ ಹೊಡೆದ ಪೇಂಟ್, ಆಗ ಹೊಲಿದ ಸೀಟು ಮಾತ್ರ ಯಾವ ಕ್ಯಾಟಲಾಗ್‌ನಲ್ಲೂ ಇಲ್ಲ.

ಬೆಲೆಯ ಮಾತು ಬಿಡಿ. ಇದು ಜಾಗ್ವಾರ್ ಇ-ಟೈಪ್ ಥರದ ದುಬಾರಿ ಹಳೇ ಕಾರು ಅಲ್ಲ. ಹೊರಗಡೆ ದುಡ್ಡು ಕೊಟ್ಟು ಎಂಜಿಬಿ ಪೂರ್ತಿ ಮಾಡಿಸಿ ಲಾಭ ಮಾಡಿದವರನ್ನು ನಾನಂತೂ ನೋಡಿಲ್ಲ. ಇನ್ನು ರೆಸ್ಟೋರ್ ಅಥವಾ ಇದ್ದ ಹಾಗೇ ಅಂತ ಎರಡೇ ದಾರಿ ಅಂದುಕೊಂಡಿದ್ದೀರಲ್ಲ, ಅದೂ ಸರಿ ಇಲ್ಲ. ಜೀವಕ್ಕೆ ಸಂಬಂಧಿಸಿದ್ದನ್ನು ಹೊಸದು ಮಾಡಿ, ಕಣ್ಣಿಗೆ ಸಂಬಂಧಿಸಿದ್ದನ್ನು ಮುಟ್ಟಬೇಡಿ. ಬ್ರೇಕ್ ಹೋಸ್, ಹಳೇ ಟೈರ್, ಪೆಟ್ರೋಲ್ ಪೈಪ್ ಬದಲಾಯಿಸಿ. 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲ್ ಇ10, ಅದರಲ್ಲಿನ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ತೆಗೆದ ಪಾರ್ಟ್ಸ್‌ಗೆ ಚೀಟಿ ಅಂಟಿಸಿ ಡಬ್ಬದಲ್ಲಿಡಿ. ಸೀಟಿಗೆ ಚರ್ಮದ ಕ್ರೀಮ್ ಹಚ್ಚಿ, ಬಿಚ್ಚಿದ ಹೊಲಿಗೆ ಹಾಕಿಸಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕಿದಾಗ ಕಾರು ಹೊರಗೆ ತೆಗೀಬೇಡಿ.

ಪೇಂಟ್ ನಿಜವಾಗಲೂ ಫ್ಯಾಕ್ಟರಿಯದ್ದೇ ಅಂತ ಖಾತ್ರಿ ಮಾಡಿಕೊಂಡಿದ್ದೀರಾ? ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿ, ಕಾರು ತಯಾರಾದ ದಿನ, ಮೂಲ ಬಣ್ಣ, ಎಂಜಿನ್ ನಂಬರ್ ಅದರಲ್ಲಿ ಇರುತ್ತದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಕೂಡ ಹಿಡಿದು ನೋಡಿ. ಯಾರೋ ಆಗಲೇ ಬೇರೆ ಬಣ್ಣ ಹೊಡೆದು, ಪುಟ್ಟಿ ತುಂಬಿ, ಸೀಟು ಬದಲಾಯಿಸಿದ್ದರೆ ಕಾಪಾಡೋಕೆ ಉಳಿದಿರೋದು ಕಡಿಮೆ. ಆಗ ಖುಷಿಯಾಗಿ ರೆಸ್ಟೋರ್ ಮಾಡಿಸಿ, ನನ್ನ ಅಡ್ಡಿ ಇಲ್ಲ.

ಸಿಲ್ ಕೊಳೆತಿದ್ದರೆ ಹೊರಗಿನ ತಗಡಿನ ಮೇಲೆ ಇನ್ನೊಂದು ತಗಡು ಮುಚ್ಚಿಸಿಕೊಳ್ಳಬೇಡಿ. ಒಳಗಿನ ಪದರಗಳೂ ಆಗಬೇಕು. ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಕೊಡುತ್ತೀರಾ ಅಂತ ಕೇಳಿ. ಬೇಡ ಅಂದರೆ ಬೇರೆ ವರ್ಕ್‌ಶಾಪ್ ಹುಡುಕಿ, ಇಲ್ಲದಿದ್ದರೆ ಆಮೇಲೆ ಬಾಗಿಲು ಸರಿಯಾಗಿ ಕೂರಲ್ಲ. ಏನು ಮಾಡಬೇಕು ಅನ್ನೋದರ ಜೊತೆಗೆ ಏನು ಮುಟ್ಟಬಾರದು ಅನ್ನೋದನ್ನೂ ಬರೆದು ಸಹಿ ಹಾಕಿಸಿಕೊಳ್ಳಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಜಾಕಿಂಗ್ ಪಾಯಿಂಟ್‌ನಲ್ಲಿ (ಜಾಕ್ ಕೊಡುವ ಜಾಗದಲ್ಲಿ) ಕಾರು ಎತ್ತಿ, ಕೆಳಗೆ ಕೈ ಹಾಕದೆ ಬಾಗಿಲು ತೆಗೆದು ಮುಚ್ಚಿ ನೋಡಿ. ಸಿಕ್ಕಿಹಾಕಿಕೊಂಡರೆ ಸಿಲ್ ಹೋಗಿದೆ ಅಂತ ಲೆಕ್ಕ. ಆಮೇಲೆ ಮುಂದಿನ ಚಕ್ರದ ಹಿಂದೆ, ಮಡ್‌ಗಾರ್ಡ್ ಒಳಗೆ ಕೆಸರು ಕೂರುವ ಮೂಲೆಯ ಫೋಟೋ ತೆಗೆದು ಕಳಿಸಿ. ಪೇಂಟಿನ ಫೋಟೋ ಬೇಡ.