ದಿನನಿತ್ಯದ ಬರವಣಿಗೆಗೆ ಯಾವ ಬಾಲ್‌ಪೆನ್, ಯಾವ ರೀಫಿಲ್ ಒಳ್ಳೆಯದು?

ಪೆನ್ನಿನ ಹೊರಮೈಗಿಂತ ಮೊದಲು ರೀಫಿಲ್ಲನ್ನು ಆಯ್ದುಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಬರಹದ ಗುಣವನ್ನು ನಿರ್ಧರಿಸುವುದು ತುದಿಯಲ್ಲಿರುವ, ಸಾಮಾನ್ಯವಾಗಿ ಟಂಗ್‌ಸ್ಟನ್ ಕಾರ್ಬೈಡ್‌ನಿಂದ ಮಾಡಿದ ಪುಟ್ಟ ಗುಂಡು ಮತ್ತು ಅದರ ಹಿಂದಿನ ಎಣ್ಣೆ ಆಧಾರಿತ ಗಟ್ಟಿ ಶಾಯಿ. ದಾವಣಗೆರೆಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಕಾರ್ಬನ್ ಹಾಳೆಯಿಟ್ಟ ಬಿಲ್ ಪುಸ್ತಕದ ಮೇಲೆ ದಿನವಿಡೀ ಒತ್ತಿ ಬರೆಯುವ ಕೆಲಸವಿರುವುದರಿಂದ ಬಾಲ್‌ಪೆನ್ನೇ ಬೇಕು. ಜೆಲ್ ಶಾಯಿ ನೀರಿನ ಆಧಾರದ್ದಾದ್ದರಿಂದ, ಒಣಗುವ ಮುನ್ನ ಬೆವರಿದ ಕೈ ತಾಗಿದರೆ ಹರಡುತ್ತದೆ.

ಗುಂಡಿನ ಅಳತೆಯಲ್ಲಿ ನನ್ನ ಆಯ್ಕೆ 0.7 ಮಿ.ಮೀ. ಕಿರಿದಾದ ಗೆರೆಗಳ ಪುಸ್ತಕದಲ್ಲಿ 1.0 ಮಿ.ಮೀ. ತುದಿಯಿಂದ ಬರೆದರೆ ‘ಷ್ಟ್ರ’, ‘ಕ್ಷ್ಮ’ಗಳಂತಹ ಒತ್ತಕ್ಷರಗಳ ಸುಳಿಗಳು ಮುಚ್ಚಿಕೊಳ್ಳುತ್ತವೆ, 0.5 ಮಿ.ಮೀ. ತುದಿಯು ಅಗ್ಗದ ಒರಟು ಕಾಗದವನ್ನು ಕೆರೆಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸುಮ್ಮನೆ ಗೀಚಿ ನೋಡದೆ, ಇಂತಹ ಅಕ್ಷರಗಳನ್ನೇ ನಿಮ್ಮ ಎಂದಿನ ವೇಗದಲ್ಲಿ ಬರೆದು ನೋಡಿ.

ಹೊರಮೈಗೆ ಸ್ವಲ್ಪ ಹೆಚ್ಚು ಹಣ ಕೊಡಬಲ್ಲಿರಾದರೆ, ಸುಮಾರು 98 ಮಿ.ಮೀ. ಉದ್ದದ ಪಾರ್ಕರ್ ಮಾದರಿಯ ರೀಫಿಲ್ ಹಿಡಿಸುವ ಪೆನ್ನನ್ನು ಕೊಳ್ಳಿ. ಅದೇ ಆಕಾರದ ರೀಫಿಲ್ಲುಗಳನ್ನು ಹಲವು ಕಂಪನಿಗಳು ತಯಾರಿಸುವುದರಿಂದ, ಕೈಗೆ ಒಗ್ಗಿದ ಪೆನ್ನನ್ನು ಬಿಡದೆಯೇ ಶಾಯಿಯನ್ನು ಬದಲಿಸಬಹುದು.

ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಶಾಯಿ ತೆಳುವಾಗಿ ತುದಿಯಲ್ಲಿ ಮುದ್ದೆಗಟ್ಟುವುದುಂಟು. ಪೆನ್ನನ್ನು ಬಿಸಿಲಿಗೆ ಇಡಬೇಡಿ, ಆಗಾಗ ತುದಿಯನ್ನು ಹತ್ತಿಬಟ್ಟೆಯಿಂದ ಒರೆಸಿ.