ಕೊಳವೆಬಾವಿಯಿಂದ ಬಂದ ಹಳದಿ ಕಲ್ಲು

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಕಳೆದ ಬೇಸಿಗೆಯಲ್ಲಿ ಕೊಳವೆಬಾವಿ ಕೊರೆಸಿದೆವು. 380 ಅಡಿ ದಾಟಿದ ಮೇಲೆ ಬಂದ ಕಪ್ಪು ಕಲ್ಲಿನ ಚೂರುಗಳಲ್ಲಿ ಚಿನ್ನದಂತೆ ಮಿನುಗುವ ಕಾಳುಗಳಿವೆ. ಊರಿನವರು ಕಾಗೆಬಂಗಾರ ಎನ್ನುತ್ತಾರೆ. ಪರಿಚಯದವರೊಬ್ಬರು ಚಿನ್ನ ತೆಗೆದುಕೊಡುತ್ತೇನೆ, ಮೊದಲು ಇಪ್ಪತ್ತು ಸಾವಿರ ರೂಪಾಯಿ ಕೊಡಿ ಎಂದಿದ್ದಾರೆ. ಕೊಡಬಹುದೇ? ನೀರೇನೋ ಚೆನ್ನಾಗಿದೆ, ಬಿಂದಿಗೆಯ ತಳದಲ್ಲಿ ಮಾತ್ರ ಕೆಂಪು ಗಸಿ ನಿಲ್ಲುತ್ತದೆ. ಚೂರುಗಳನ್ನು ಕಳುಹಿಸಿದ್ದೇನೆ.
– ಓದುಗರೊಬ್ಬರು, ತರೀಕೆರೆ ತಾಲ್ಲೂಕು

ಉತ್ತರ: ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ಚೂರುಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದೆ. ಒಂದರಲ್ಲಿ ಸಾಸಿವೆಗಿಂತ ಸಣ್ಣದೊಂದು ಕಾಳು ಲೂಡೊ ದಾಳದಂತೆ ಚೌಕವಾಗಿ ಕೂತಿದೆ, ಮೈಮೇಲೆ ನವಿರಾದ ಗೆರೆಗಳಿವೆ. ಇದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿ ಆದ ಖನಿಜ. ಕಾಗೆಬಂಗಾರವೆಂದರೆ ಅಭ್ರಕ, ಅದು ಉಗುರಿಗೆ ಪದರ ಪದರವಾಗಿ ಏಳುತ್ತದೆ. ನಿಮ್ಮ ಕಾಳಿಗೆ ಚಾಕುವಿನ ಮೊನೆಯೂ ನಾಟಲಿಲ್ಲ. ಒಂದನ್ನು ಹೆಂಚಿನ ಒರಟು ಬೆನ್ನಿಗೆ ಉಜ್ಜಿದೆ, ಹಸಿರು ಬೆರೆತ ಕಪ್ಪು ಗೆರೆ ಬಿತ್ತು. ಚಿನ್ನವಾಗಿದ್ದರೆ ಗೆರೆಯೂ ಚಿನ್ನದ ಬಣ್ಣದಲ್ಲೇ ಬೀಳುತ್ತಿತ್ತು. ಸುತ್ತಿಗೆಯಿಂದ ತಟ್ಟಿದರೆ ಚಿನ್ನ ತಗಡಾಗುತ್ತದೆ, ಇದು ಪುಡಿಯಾಗುತ್ತದೆ. ಊರಿನ ಅಕ್ಕಸಾಲಿಗರ ಒರೆಗಲ್ಲೂ ಇದನ್ನೇ ಹೇಳುತ್ತದೆ.

ಪೈರೈಟ್‌ನೊಳಗೆ ಕಣ್ಣಿಗೆ ಕಾಣದಷ್ಟು ಚಿನ್ನ ಅಡಗಿರುವುದು ಉಂಟು. ಅಮೆರಿಕದ ನೆವಾಡಾದಲ್ಲಿ ಅಂಥ ಅದಿರಿನ ದೊಡ್ಡ ಗಣಿಗಳೇ ಇವೆ. ಆದರೆ ಅದು ಟನ್ನಿಗೆ ಕೆಲವೇ ಗ್ರಾಂ ಲೆಕ್ಕದ ಮಾತು. ಒಂದು ಹಿಡಿ ಚೂರಿನಿಂದ ಚಿನ್ನ ತೆಗೆಯುತ್ತೇನೆ ಎಂದು ಮುಂಗಡ ಕೇಳುವವರನ್ನು ಅಂಗಳದಿಂದಲೇ ಕಳುಹಿಸಿಬಿಡಿ.

ಹಾಗೆಂದು ಇದನ್ನು ಕೆಲಸಕ್ಕೆ ಬಾರದ ಕಲ್ಲು ಎನ್ನಲು ನನಗೆ ಮನಸ್ಸಾಗದು. ಇದರ ತೂಕದಲ್ಲಿ ಶೇ 53ರಷ್ಟು ಗಂಧಕ, ಉಳಿದದ್ದು ಕಬ್ಬಿಣ. ಉಕ್ಕಿನಿಂದ ಹೊಡೆದರೆ ಕಿಡಿ ಹಾರುತ್ತದೆ. ಪೈರೈಟ್ ಎಂಬ ಹೆಸರೇ ಬೆಂಕಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಇದನ್ನು ಸುಟ್ಟು ಗಂಧಕಾಮ್ಲ ಮಾಡುತ್ತಿದ್ದ ಕಾಲವಿತ್ತು, ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಆ ಆಮ್ಲ ಬೇಕು. ಈಗ ಗಂಧಕ ಹೆಚ್ಚಾಗಿ ತೈಲ ಮತ್ತು ಅನಿಲದ ಶುದ್ಧೀಕರಣದಲ್ಲೇ ಸಿಗುವುದರಿಂದ ಪೈರೈಟ್‌ಗೆ ಮೊದಲಿನಷ್ಟು ಬೇಡಿಕೆ ಉಳಿದಿಲ್ಲ. ಬಿಹಾರದ ಅಮ್ಝೋರ್ ಗಣಿಯ ಪೈರೈಟನ್ನು ಚೌಳು ಮಣ್ಣು ಸರಿಪಡಿಸಲು ಹೊಲಕ್ಕೆ ಹಾಕಿದ್ದೂ ಉಂಟು. ನೀವು ಮಾತ್ರ ತೋಟಕ್ಕೆ ಚೆಲ್ಲಬೇಡಿ. ಮಲೆನಾಡಿನ ಹುಳಿ ಮಣ್ಣಿಗೆ ನಾವೇ ಸುಣ್ಣ ಹಾಕುತ್ತಿರುವಾಗ ಇನ್ನಷ್ಟು ಹುಳಿ ಏಕೆ?

ನನ್ನನ್ನು ಕಾಡಿದ್ದು ನಿಮ್ಮ ಪತ್ರದಲ್ಲಿರುವ ಕೆಂಪು ಗಸಿಯ ಮಾತು. ಗಾಳಿ, ನೀರು ಎರಡೂ ತಗುಲಿದರೆ ಪೈರೈಟ್ ಕರಗಿ ಆಮ್ಲವನ್ನೂ ಕಬ್ಬಿಣವನ್ನೂ ಬಿಡುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಕಲ್ಲಿನ ಬಿರುಕುಗಳಿಗೆ ಗಾಳಿ ಹೊಗುತ್ತದೆ. ಬಿಂದಿಗೆಯ ಕೆಂಪು ಗಸಿ ಕಬ್ಬಿಣದ್ದಿರಬಹುದು. ಕಬ್ಬಿಣವಷ್ಟೇ ಆದರೆ ದೊಡ್ಡ ಭಯವಿಲ್ಲ. ಆದರೆ ಇಂಥ ಖನಿಜಗಳ ಜೊತೆ ಕೆಲವೊಮ್ಮೆ ಆರ್ಸೆನಿಕ್ ಕೂಡ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಒಂದು ಲೀಟರ್ ನೀರನ್ನು ಶುಚಿಯಾದ ಬಾಟಲಿಯಲ್ಲಿ ತುಂಬಿ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಯ್ಯಿರಿ. ಹುಳಿ, ಕಬ್ಬಿಣ, ಆರ್ಸೆನಿಕ್ ಮೂರನ್ನೂ ನೋಡಬೇಕೆಂದು ಬಾಯಿಬಿಟ್ಟು ಕೇಳಿ. ವರದಿ ಬರುವವರೆಗೆ ಮಕ್ಕಳಿಗೆ ಬೇರೆ ನೀರು ಕೊಡಿ.

ಪ್ರಶ್ನೆ: ಪೈರೈಟ್ ಕೈಬಳೆ ಧರಿಸಿದರೆ ಹಣ ಬರುತ್ತದೆಯೇ? ಗೆಳತಿಯರು ತರಿಸಿಕೊಂಡಿದ್ದಾರೆ.
– ವಿದ್ಯಾರ್ಥಿನಿ, ಹಾಸನ

ಉತ್ತರ: ಬರುವುದಿಲ್ಲ ಮಗಳೇ, ಮಾರುವವರಿಗೆ ಬರುತ್ತದೆ. ಕಲ್ಲು ಅಂದವಾಗಿದೆ ಎಂದು ಧರಿಸುವುದಾದರೆ ಬೆವರು, ನೀರು ತಾಗದಂತೆ ನೋಡಿಕೊಳ್ಳಿ. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಳ್ಳೆಯದೊಂದು ಪೈರೈಟ್ ತುಂಡನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಸಿಕ್ಕ ಊರು ಮತ್ತು ತಾರೀಕು ಬರೆದ ಚೀಟಿಯನ್ನು ಕೆಳಗೆ ಹಾಸಿದ್ದೆ. ಎರಡು ಮಳೆಗಾಲ ಕಳೆದು ತೆರೆದಾಗ ಕಲ್ಲಿನ ಮೇಲೆ ಬೂದುಬಿಳಿ ಪುಡಿ ಎದ್ದಿತ್ತು, ಗಂಧಕದ ಘಾಟು ಮೂಗಿಗೆ ಬಡಿಯಿತು. ಚೀಟಿ ಸುಟ್ಟಂತೆ ಕಂದಾಗಿ, ಮುಟ್ಟಿದೊಡನೆ ಉದುರಿತು. ಆ ಕಲ್ಲು ಯಾವ ಊರಿನದೆಂದು ಈಗ ನನಗೆ ನೆನಪಿಲ್ಲ.