ಶೈಯಾನ್‌ಗೆ ಬರ್ತಿರೋ ತಂಗಿಗೆ, ಮೊದಲು ಡ್ರೈವಿಂಗ್ ಕಲಿ

ಗಂಡಂಗೆ ವಯೋಮಿಂಗ್‌ನ ಶೈಯಾನ್‌ನಲ್ಲಿ ಕೆಲಸ ಸಿಕ್ಕಿದೆ, ಹೆಂಡ್ತಿಗೆ ಕೊಡೋ ಎಚ್-4 ವೀಸಾದಲ್ಲಿ ಬರ್ತಿದೀನಿ, ಕೌಬಾಯ್ ಊರಲ್ಲಿ ನಮ್ಮಂಥೋರು ಬದುಕಕ್ಕೆ ಆಗತ್ತಾ ಅಕ್ಕ ಅಂತ ಕೇಳಿದೀಯ. ಆಗತ್ತೆ ಕಣಮ್ಮ. ಟೋಪಿ, ಬೂಟು, ರೋಡಿಯೋ ಅನ್ನೋ ಕುದುರೆ-ಗೂಳಿ ಪಂದ್ಯ ಎಲ್ಲಾ ಜುಲೈನಲ್ಲಿ ಫ್ರಾಂಟಿಯರ್ ಡೇಸ್ ಟೈಮಲ್ಲಿ ಜೋರು, 1897ರಿಂದ ನಡೀತಿದೆ, ನಮ್ಮೂರ ಜಾತ್ರೆ ಥರಾನೇ ಧೂಳು, ಜನ, ದುಬಾರಿ ತಿಂಡಿ. ಉಳಿದ ದಿನ ಬರೀ ಗಾಳಿ.

ಆ ಗಾಳಿ ಬಗ್ಗೆನೇ ಹೇಳ್ಬೇಕು. ಇಲ್ಲಿಂದ ಲಾರಮಿಗೆ ಹೋಗೋ ಐ-80 ರಸ್ತೆ 8,640 ಅಡಿ ತನಕ ಹತ್ತಿ ಇಳಿಯತ್ತೆ, ಮೇಲೆ ಆಕಾಶ ನೀಲಿಯಾಗೇ ಇರತ್ತೆ, ಹೊಸ ಹಿಮ ಬೀಳ್ತಿರಲ್ಲ, ಆದ್ರೆ ನೆಲದ ಮೇಲಿರೋ ಹಿಮಾನೇ ಗಾಳಿ ಎತ್ತಿ ಎರಚಿ ಮುಂದಿನ ಲಾರಿ ಕಾಣದ ಹಾಗೆ ಮಾಡತ್ತೆ. ನಮ್ಮೆಜಮಾನ್ರು 2014ರಲ್ಲಿ ಆ ರಸ್ತೇಲೇ ಹೋಗ್ಬಿಟ್ರು. ಅಷ್ಟು ಸಾಕು.

ಗ್ರೀನ್ ಕಾರ್ಡ್ ಬಂದು ಎಂಟು ತಿಂಗಳಾಗಿತ್ತು, ಇಲ್ಲಾಂದ್ರೆ ಗಂಟುಮೂಟೆ ಕಟ್ಟೋ ಚಿಂತೇನೂ ಸೇರ್ಕೊಳ್ತಿತ್ತು. ಎಚ್-4 ಅಂದ್ರೆ ಗಂಡನ ವೀಸಾಗೆ ನೇತಾಡೋದು, ಅವರ ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಐ-140 ಅರ್ಜಿ ಅಪ್ರೂವ್ ಆದ್ರೆ ವರ್ಕ್ ಪರ್ಮಿಟ್‌ಗೆ ಹಾಕು, ತಡ ಮಾಡ್ಬೇಡ. 1869ರಲ್ಲೇ ಹೆಂಗಸರಿಗೆ ವೋಟು ಕೊಟ್ಟ ಸೀಮೆ ಇದು, ಅಲ್ಲಿ ಕೂತ್ಕೊಂಡು ನನಗೆ ಬ್ಯಾಂಕ್ ಪಾಸ್‌ವರ್ಡ್ ಗೊತ್ತಿರ್ಲಿಲ್ಲ! ಕಾರು ಓಡ್ಸಕ್ಕೂ ಬರ್ತಿರ್ಲಿಲ್ಲ. ಹಾಲು ತರಕ್ಕೂ ಯಾರನ್ನಾದ್ರೂ ಬೇಡ್ಬೇಕು.

ಪಕ್ಕದಲ್ಲಿ ದನ-ಕುದುರೆ ಸಾಕೋ ರಾಂಚ್ ಅಜ್ಜಿ, ಎಪ್ಪತ್ತು ದಾಟಿತ್ತು, ತಿಥಿ ಊಟದ ಥರ ಮೂರು ದಿನ ಅಡುಗೆ ತಂದಿಟ್ರು, ನಾಲ್ಕನೇ ದಿನ ಬರಿಗೈಲಿ ಬಂದು ಹಳೇ ಪಿಕಪ್ ಕೀ ಕೊಟ್ರು. ಹುಲ್ಲು ಕೊಯ್ದ ಬಯಲಲ್ಲಿ ಕಲಿತೆ. ಬೇಲಿ ಒಂದು ಕಡೆ ಇವತ್ತಿಗೂ ವಾಲಿದೆ. ಆಮೇಲೆ ಸ್ಕೂಲ್ ಅಡುಗೆಮನೇಲಿ ಕೆಲಸ, ಸಂಜೆ ಕಾಲೇಜಲ್ಲಿ ಅಕೌಂಟಿಂಗು, ಬಾಡಿಗೆ ಮನೆಗೆ ನನ್ನ ಒಬ್ಬಳ ಸಹಿ.

ಎಲ್ರೂ ಕೇಳೋದು ನನ್ನ ಈಗಿನ ಗಂಡ, 'ಆ ಕೌಬಾಯ್' ಬಗ್ಗೆ. ಕೌಬಾಯ್ ಅಲ್ಲ ಮಾರಾಯ್ತಿ, ಕುದುರೆಗೆ ಲಾಳ ಹೊಡೆಯೋನು, ಆರೆಂಟು ವಾರಕ್ಕೊಂದ್ಸಲ ಅಜ್ಜಿ ಮನೆಗೆ ಬರ್ತಿದ್ದ. 2018ರಲ್ಲಿ ಒಂದು ಬೂಟಿನ ಡಬ್ಬ ತುಂಬ ರಸೀದಿ ತಂದು ಟ್ಯಾಕ್ಸ್ ಮಾಡ್ಕೊಡಿ ಅಂದ. ವಯೋಮಿಂಗ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ಲ, ಒಂದು ಮಧ್ಯಾಹ್ನದ ಕೆಲಸ, ಆತ ಐದು ಸಲ ಬಂದ. ಮದುವೆ ಆಗೋಣ ಅಂದಾಗ ಎರಡು ವರ್ಷ ಕಾಯ್ಸಿದೆ, ಆಗಷ್ಟೇ ನನ್ನ ದುಡ್ಡಲ್ಲಿ ಕಾರ್ ತಗೊಂಡಿದ್ದೆ, ಅದ್ರಲ್ಲಿ ಒಬ್ಬಳೇ ಸ್ವಲ್ಪ ಸುತ್ತಬೇಕಿತ್ತು.

ಹಾಸನದಲ್ಲಿ ಅಮ್ಮ ಮೊದಲು "ಲಾಳ ಹೊಡೆಯೋನಾ?" ಅಂತ ಫೋನ್ ಇಟ್ಬಿಟ್ಟಿದ್ರು. ಈಗ ನನ್ನ ಮಾತಾಡ್ಸೋಕ್ ಮುಂಚೆ ಅವನ ಊಟ ಆಯ್ತಾ ಅಂತಾರೆ.

ಬರೋವಾಗ ದಪ್ಪ ಸ್ವೆಟರ್, ಹುಳಿಪುಡಿ ತಗೊಂಬಾ. ಛತ್ರಿ ಬೇಡ, ಈ ಗಾಳಿಗೆ ಒಂದಿನಾನೂ ನಿಲ್ಲಲ್ಲ.